ಮೆದುಳಿನ ನೀರುಗಂಟಿ

ಕ್ಯಾನ್ಸರ್ ಗಡ್ಡೆಗೆ ರಕ್ತದ ಕಾಲುವೆ ತೋಡಗೊಡದ ಪ್ರೋಟೀನೊಂದು ನಮ್ಮ ಮೆದುಳಿನಲ್ಲಿಯೇ ಇದೆ. ಅದನ್ನು ಔಷಧವಾಗಿ ಪಡೆಯುವ ಪ್ರಯತ್ನ ಎಲ್ಲಿಯವರೆಗೆ ಬಂದಿದೆ?

ಕೆರೆಯ ಕೆಳಗಿನ ಗದ್ದೆಗಳಿಗೆ ನೀರು ಬಿಡುವ ಹೊಣೆ ನಮ್ಮ ಹಳ್ಳಿಗಳಲ್ಲಿ ನೀರುಗಂಟಿಯದು. ತೂಬನ್ನು ಎಂದು ತೆರೆಯಬೇಕು, ಯಾರ ಮಡಿಗೆ ಎಷ್ಟು ಹೊತ್ತು ನೀರು ಹರಿಯಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವವನು ಅವನು. ಅವನ ಕಣ್ಣು ತಪ್ಪಿಸಿ ಯಾರಾದರೂ ಇರುಳಿನಲ್ಲಿ ಕಳ್ಳಗಾಲುವೆ ತೋಡಿಕೊಂಡರೆ ಒಬ್ಬನ ಗದ್ದೆ ಕೊಬ್ಬಿ ಬೆಳೆಯುತ್ತದೆ. ಊರಿನ ಮಿಕ್ಕ ಪೈರು ಬಾಡುತ್ತದೆ.

ಮನುಷ್ಯನ ಶರೀರದಲ್ಲಿ ಕ್ಯಾನ್ಸರ್ ಗಡ್ಡೆ ಮಾಡುವ ಕೆಲಸವೂ ಹೆಚ್ಚುಕಡಿಮೆ ಇಂಥದೇ. ನೆರೆಯ ರಕ್ತನಾಳಗಳಿಂದ ಹೊಸ ಕವಲುಗಳನ್ನು ತನ್ನತ್ತ ಎಳೆದುಕೊಂಡು, ಪರರ ಪಾಲಿನ ಅನ್ನವನ್ನೂ ಪ್ರಾಣವಾಯುವನ್ನೂ ಉಂಡು ಅದು ಬೆಳೆಯುತ್ತದೆ. ಇಂಥ ಕಳ್ಳತನವನ್ನು ತಡೆಯಲು ಪ್ರಕೃತಿಯೇ ಮೆದುಳಿನಲ್ಲಿ ಒಬ್ಬ ನೀರುಗಂಟಿಯನ್ನು ಇರಿಸಿರುವಂತೆ ತೋರುತ್ತದೆ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದ ಆ ಪ್ರೋಟೀನಿನ ಹೆಸರು ಬಿಎಐ-1. ಮೆದುಳಿಗೆ ವಿಶಿಷ್ಟವಾದ, ರಕ್ತನಾಳಗಳ ಹೊಸ ಚಿಗುರನ್ನು ತಡೆಯುವ ವಸ್ತು ಎಂಬುದು ಆ ಅಕ್ಷರಗಳ ತಾತ್ಪರ್ಯ.

ಈ ಸಂಗತಿ ಪಂಡಿತರ ಚರ್ಚೆಗಷ್ಟೇ ಮೀಸಲಾದುದಲ್ಲ. ಮೆದುಳಿನ ಗಡ್ಡೆಗಳಲ್ಲಿ ಅತಿ ಕ್ರೂರವಾದ ಗ್ಲಯೋಬ್ಲಾಸ್ಟೋಮ ಬಂದ ಮನೆಯವರಿಗೆ ವೈದ್ಯರು ಹೇಳಬಹುದಾದ ಸಮಾಧಾನದ ಮಾತು ಇಂದಿಗೂ ಬಹಳ ಕಡಮೆ. ಆಲದ ಬಿಳಲುಗಳಂತೆ ಅದು ಮೆದುಳಿನೊಳಗೆ ಕಾಣದ ಹಾಗೆ ಇಳಿದಿರುತ್ತದೆ. ಶಸ್ತ್ರವೈದ್ಯನು ಎಷ್ಟೇ ನಿಪುಣನಾಗಿರಲಿ, ಕಣ್ಣಿಗೆ ಕಂಡ ಗಡ್ಡೆಯನ್ನು ಕತ್ತರಿಸಿ ತೆಗೆಯಬಲ್ಲನೇ ಹೊರತು ಬೇರುಗಳನ್ನೆಲ್ಲ ಕೀಳಲಾರ. 2005ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ, ವಿಕಿರಣ ಚಿಕಿತ್ಸೆಯೊಂದಿಗೆ ಟೆಮೊಜೊಲೊಮೈಡ್ ಎಂಬ ಔಷಧವನ್ನು ಕೂಡಿಸಿ ಕೊಟ್ಟಾಗ ರೋಗಿಗಳ ಮಧ್ಯಮ ಜೀವಿತಾವಧಿ 12.1 ತಿಂಗಳಿಂದ 14.6 ತಿಂಗಳಿಗೆ ಏರಿತು. ಎರಡೂವರೆ ತಿಂಗಳು! ಅಷ್ಟನ್ನೇ ವೈದ್ಯಲೋಕ ಮಹತ್ತರವಾದ ಮುನ್ನಡೆಯೆಂದು ಸ್ವಾಗತಿಸಿತು. ಇಂದಿಗೂ ಆ ಚಿಕಿತ್ಸೆಯೇ ತಳಹದಿಯಾಗಿ ಉಳಿದಿದೆ. ಹೀಗಿರುವಾಗ, ಮೆದುಳೇ ತನ್ನ ರಕ್ಷಣೆಗೆಂದು ತಯಾರಿಸುವ ವಸ್ತುವೊಂದು ಗಡ್ಡೆಯನ್ನು ಹಿಮ್ಮೆಟ್ಟಿಸಬಲ್ಲದೆಂದರೆ ಯಾರ ಕಿವಿ ತಾನೆ ನಿಮಿರದು?

ಗಡ್ಡೆಯ ಹಸಿವು

ಕಥೆಯ ಮೊದಲ ಎಳೆ ಸಿಕ್ಕುವುದು ಅಮೆರಿಕದ ನೌಕಾಪಡೆಯ ಒಂದು ಪ್ರಯೋಗಶಾಲೆಯಲ್ಲಿ. 1960ರ ದಶಕದ ಆರಂಭದಲ್ಲಿ ಜೂಡಾ ಫೋಕ್‌ಮನ್ ಎಂಬ ತರುಣ ಶಸ್ತ್ರವೈದ್ಯನು ಬೆಥೆಸ್ಡ ಎಂಬಲ್ಲಿ ಸೇವೆ ಸಲ್ಲಿಸುತ್ತಿದ್ದನು. ದೀರ್ಘ ಯಾನದ ಹಡಗುಗಳಲ್ಲಿ ರಕ್ತಕ್ಕೆ ಬದಲಾಗಿ ಬಳಸಬಹುದಾದ ದ್ರವವನ್ನು ಹುಡುಕುವುದು ಅವನಿಗೆ ಒಪ್ಪಿಸಿದ್ದ ಕೆಲಸ. ಪ್ರಾಣಿಯಿಂದ ಬೇರ್ಪಡಿಸಿದ ಥೈರಾಯ್ಡ್ ಗ್ರಂಥಿಯನ್ನು ಗಾಜಿನ ಪಾತ್ರೆಯಲ್ಲಿಟ್ಟು, ಅಂಥ ದ್ರವವನ್ನು ಹರಿಸಿ, ಅವನೂ ಅವನ ಸಹೋದ್ಯೋಗಿ ಫ್ರೆಡರಿಕ್ ಬೆಕರನೂ ಅದನ್ನು ಜೀವಂತವಾಗಿರಿಸಿದರು. ಆ ಗ್ರಂಥಿಯಲ್ಲಿ ಇಲಿಯ ಕ್ಯಾನ್ಸರ್ ಕೋಶಗಳನ್ನು ಬಿತ್ತಿ ನೋಡಿದರು. ಕೋಶಗಳು ಮೊಳೆತವು, ಆದರೆ ಒಂದೆರಡು ಮಿಲಿಮೀಟರ್ ಬೆಳೆದು, ಎಳ್ಳಿನ ಕಾಳಿನಷ್ಟಾಗಿ, ಅಲ್ಲಿಗೇ ನಿಂತುಬಿಟ್ಟವು. ಅವು ಸತ್ತಿರಲಿಲ್ಲ. ಅದೇ ಕಾಳನ್ನು ಜೀವಂತ ಇಲಿಯೊಳಕ್ಕೆ ಸೇರಿಸಿದೊಡನೆ ಬಿರುಸಿನಿಂದ ಬೆಳೆದು ದೊಡ್ಡ ಗಡ್ಡೆಯಾಯಿತು.

ಪಾತ್ರೆಯಲ್ಲಿಲ್ಲದ ಯಾವ ಅನುಕೂಲ ಇಲಿಯಲ್ಲಿತ್ತು? ಫೋಕ್‌ಮನ್ ಬಹುಕಾಲ ಇದನ್ನೇ ಆಲೋಚಿಸಿದನು. ಇಲಿಯ ದೇಹದಲ್ಲಿ ಗಡ್ಡೆಯ ಕಡೆಗೆ ಹೊಸ ರಕ್ತನಾಳಗಳು ಬೆಳೆದು ಬಂದಿದ್ದವು. ಪಾತ್ರೆಯಲ್ಲಿದ್ದ ಗ್ರಂಥಿಯಲ್ಲಿ ಹಾಗೆ ಬರಲಿಲ್ಲ. ಪ್ರಾಣವಾಯುವು ರಕ್ತನಾಳದಿಂದ ಆಚೆಗೆ ಮಿಲಿಮೀಟರಿನ ಒಂದೆರಡು ದಶಾಂಶಕ್ಕಿಂತ ದೂರ ಇಂಗಿ ಹೋಗಲಾರದು. ಆದುದರಿಂದ ನಾಳಗಳಿಲ್ಲದ ಗಡ್ಡೆ ಕಾಳಿನ ಗಾತ್ರ ಮೀರುವಂತಿಲ್ಲ. ಗಡ್ಡೆಯು ಯಾವುದೋ ರಾಸಾಯನಿಕ ಸಂದೇಶ ಕಳುಹಿಸಿ ನಾಳಗಳನ್ನು ಕರೆಸಿಕೊಳ್ಳುತ್ತದೆ. ಆ ಕರೆಯನ್ನು ತಡೆದರೆ ಗಡ್ಡೆ ಉಪವಾಸ ಬೀಳುತ್ತದೆ ಎಂದು 1971ರಲ್ಲಿ ಅವನು ಬರೆದನು. ಆ ಹೊತ್ತಿಗೆ ಅವನು ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯ. ಹಾಗಿದ್ದರೂ ಅನೇಕ ವಿಜ್ಞಾನಿಗಳು ಅವನ ಮಾತಿಗೆ ತಲೆದೂಗಲಿಲ್ಲ. ಗಾಯವಾದಾಗ ಊತ ಬರುವಂತೆ ಗಡ್ಡೆಯ ಸುತ್ತ ನಾಳಗಳು ಬರುತ್ತವೆ, ಅದರಲ್ಲೇನು ವಿಶೇಷ ಎಂದು ಕೇಳಿದರು.

ಉತ್ತರ ಸಿಗಲು ದಶಕ ಕಳೆಯಬೇಕಾಯಿತು. ನಾಳಗಳನ್ನು ಚಿಗುರಿಸುವ ವಸ್ತುವೊಂದನ್ನು ಅವನ ಪ್ರಯೋಗಶಾಲೆಯವರೇ 1984ರಲ್ಲಿ ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಕರೆಯುವ ಸಂದೇಶವಿರುವಂತೆ ತಡೆಯುವ ಸಂದೇಶವೂ ದೇಹದಲ್ಲಿರಬೇಕಲ್ಲವೆ? 1990ರಲ್ಲಿ ಷಿಕಾಗೋ ಪ್ರಾಂತದ ನೋಯೆಲ್ ಬೌಕ್ ಎಂಬ ವಿಜ್ಞಾನಿಯ ತಂಡದವರು ಥ್ರಾಂಬೋಸ್ಪಾಂಡಿನ್ ಎಂಬ ಪ್ರೋಟೀನು ನಾಳಗಳ ಬೆಳವಣಿಗೆಯನ್ನು ತಡೆಯುವುದೆಂದು ತೋರಿಸಿದರು. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವುಂಟು.

ಟೋಕಿಯೋದಲ್ಲಿ ಸಿಕ್ಕ ಸುಳಿವು

ಎರಡನೆಯ ಎಳೆ ಪಿ-53 ಎಂಬ ಪ್ರೋಟೀನಿನದು. 1979ರಲ್ಲಿ ಬೆಳಕಿಗೆ ಬಂದ ಇದನ್ನು ಮೊದಲ ಹತ್ತು ವರ್ಷ ಕ್ಯಾನ್ಸರಿಗೆ ಕಾರಣವೆಂದೇ ಭಾವಿಸಲಾಗಿತ್ತು. 1989ರಲ್ಲಿ ನಿಜಸ್ಥಿತಿ ತಿಳಿಯಿತು. ಅದು ಕ್ಯಾನ್ಸರನ್ನು ತಡೆಯುವ ಪ್ರೋಟೀನು. ಅದು ಕೆಟ್ಟುಹೋದಾಗ ಗಡ್ಡೆ ಬೆಳೆಯುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಪ್ರೋಟೀನಿನ ವಂಶವಾಹಿ ಕೆಟ್ಟಿರುತ್ತದೆ. ಜೀವಕೋಶದ ವಂಶವಾಹಿಗಳಿಗೆ ಪೆಟ್ಟು ಬಿದ್ದಾಗ ಪಿ-53 ಎಚ್ಚೆತ್ತು, ಬೇರೆ ಹಲವು ವಂಶವಾಹಿಗಳಿಗೆ ಆಜ್ಞೆ ಕೊಡುತ್ತದೆ. ಕೋಶವು ವಿಭಜನೆಯನ್ನು ನಿಲ್ಲಿಸಿ ದುರಸ್ತಿ ಮಾಡಿಕೊಳ್ಳಬೇಕು. ದುರಸ್ತಿಯಾಗದಿದ್ದರೆ ಆತ್ಮಾಹುತಿ ಮಾಡಿಕೊಳ್ಳಬೇಕು.

ಪಿ-53ರ ಆಜ್ಞೆಯನ್ನು ಪಾಲಿಸುವ ವಂಶವಾಹಿಗಳು ಯಾವುವು ಎಂದು ಟೋಕಿಯೋ ವಿಶ್ವವಿದ್ಯಾಲಯದ ಯೂಸುಕೆ ನಕಮುರ, ತಕಾಶಿ ಟೋಕಿನೊ ಮೊದಲಾದವರು ಹುಡುಕುತ್ತಿದ್ದರು. 1997ರಲ್ಲಿ ಅವರ ಕೈಗೆ ಸಿಕ್ಕಿದ್ದು ಬಿಎಐ-1. ಎಂಟನೆಯ ವರ್ಣತಂತುವಿನ ಮೇಲಿರುವ ಈ ವಂಶವಾಹಿ ಕೆಲಸ ಮಾಡುವುದು ವಿಶೇಷವಾಗಿ ಮೆದುಳಿನಲ್ಲಿ. ಅದರಿಂದಾಗುವ ಪ್ರೋಟೀನಿನ ಉದ್ದವಾದ ಬಾಲ ಕೋಶದ ಹೊರಗೆ ಚಾಚಿಕೊಂಡಿರುತ್ತದೆ. ಆ ಬಾಲದಲ್ಲಿ ಒಂದೇ ಬಗೆಯ ಐದು ಗಣ್ಣುಗಳುಂಟು. ಅವುಗಳ ರಚನೆ ಹಿಂದೆ ಹೇಳಿದ ಥ್ರಾಂಬೋಸ್ಪಾಂಡಿನ್ನಿನಲ್ಲಿರುವ ಗಣ್ಣುಗಳ ಪಡಿಯಚ್ಚು! ಸಂಶೋಧಕರು ಈ ಭಾಗವನ್ನು ಪ್ರತ್ಯೇಕವಾಗಿ ತಯಾರಿಸಿ ಇಲಿಯ ಕಣ್ಣಿನ ಪಾರದರ್ಶಕ ಪೊರೆಯಲ್ಲಿ ಪರೀಕ್ಷಿಸಿದರು. ಸ್ವಭಾವತಃ ರಕ್ತನಾಳಗಳಿಲ್ಲದ ಆ ಪೊರೆಯಲ್ಲಿ ಹೊಸ ನಾಳ ಮೂಡಿದರೆ ಒಡನೆಯೇ ಕಾಣುತ್ತದೆ. ನಾಳಗಳನ್ನು ಚಿಗುರಿಸುವ ಔಷಧವನ್ನು ಇಟ್ಟರೂ ಈ ಪ್ರೋಟೀನು ಅವುಗಳ ಬೆಳವಣಿಗೆಯನ್ನು ತಡೆಯಿತು.

ಇನ್ನೊಂದು ಸಂಗತಿ ಇದಕ್ಕಿಂತ ಕುತೂಹಲಕರ. ಪ್ರಯೋಗಶಾಲೆಯಲ್ಲಿ ಬೆಳೆಸುವ ಒಂಬತ್ತು ಬಗೆಯ ಗ್ಲಯೋಬ್ಲಾಸ್ಟೋಮ ಕೋಶಗಳನ್ನು ಅವರು ಪರೀಕ್ಷಿಸಿದಾಗ ಎಂಟರಲ್ಲಿ ಬಿಎಐ-1 ಇರಲೇ ಇಲ್ಲ, ಇಲ್ಲವೆ ತೀರ ಕಡಮೆಯಾಗಿತ್ತು. ಗ್ಲಯೋಬ್ಲಾಸ್ಟೋಮವಾದರೋ ರಕ್ತನಾಳಗಳು ಅತಿಯಾಗಿ ಹೆಣೆದುಕೊಂಡಿರುವ ಗಡ್ಡೆಗಳಲ್ಲೊಂದು. ನೀರುಗಂಟಿ ಇಲ್ಲದ ಕಡೆಯಲ್ಲಿಯೇ ಕಾಲುವೆಗಳು ಹೆಚ್ಚಿದ್ದವು.

ಅಟ್ಲಾಂಟದ ತುಣುಕು

ಈ ಸುಳಿವನ್ನು ಹಿಡಿದು ಬಹುದೂರ ನಡೆದವರು ಅಮೆರಿಕದ ಅಟ್ಲಾಂಟ ನಗರದ ಎಮೊರಿ ವಿಶ್ವವಿದ್ಯಾಲಯದ ಎರ್ವಿನ್ ವಾನ್ ಮೇರ್ ಮತ್ತು ಅವರ ಸಂಗಡಿಗರು. ಆ ತಂಡದಲ್ಲಿ ಬಲ್ವೀನ್ ಕೌರ್ ಎಂಬ ಸಂಶೋಧಕಿಯೂ ಇದ್ದರು. 2003ರಲ್ಲಿ ಈಕೆ ಮತ್ತು ಜೊತೆಯವರು ಪ್ರಕಟಿಸಿದ ಲೇಖನವು ಟೋಕಿಯೋದವರ ಒಂದು ಊಹೆಯನ್ನು ತಿದ್ದಿತು. ಮೆದುಳಿನ ಗಡ್ಡೆಗಳಲ್ಲಿ ಬಿಎಐ-1 ಮರೆಯಾಗುವುದೇನೋ ನಿಜ. ಆದರೆ ಅದಕ್ಕೂ ಪಿ-53 ಇರುವುದಕ್ಕೂ ಇಲ್ಲದಿರುವುದಕ್ಕೂ ಹೊಂದಾಣಿಕೆ ಕಾಣಲಿಲ್ಲ. ವಿಜ್ಞಾನದ ದಾರಿ ಹೀಗೆ ಒಬ್ಬರ ಹೆಜ್ಜೆಯನ್ನು ಮತ್ತೊಬ್ಬರು ಸರಿಪಡಿಸುತ್ತ ಸಾಗುವಂಥದು.

2005ರಲ್ಲಿ ಇದೇ ತಂಡ ಇನ್ನೊಂದು ಮಹತ್ವದ ಸಂಗತಿಯನ್ನು ಕಂಡುಕೊಂಡಿತು. ಬಿಎಐ-1 ಪ್ರೋಟೀನಿನ ಹೊರಚಾಚಿದ ಭಾಗ ತಾನಾಗಿಯೇ ತುಂಡಾಗಿ ಕೋಶದಿಂದ ಕಳಚಿಕೊಳ್ಳುತ್ತದೆ. ಕಳಚಿದ ತುಣುಕು ವ್ಯರ್ಥವಾಗುವುದಿಲ್ಲ. ಸುತ್ತಲಿನ ರಕ್ತನಾಳಗಳ ಕೋಶಗಳ ಮೇಲೆ ಕೆಲಸ ಮಾಡಿ ಅವುಗಳ ಸಂಚಾರವನ್ನು ತಡೆಯುತ್ತದೆ. ಈ ತುಣುಕಿಗೆ ವ್ಯಾಸ್ಕ್ಯುಲೋಸ್ಟ್ಯಾಟಿನ್, ಅಂದರೆ ನಾಳಗಳನ್ನು ಸ್ಥಗಿತಗೊಳಿಸುವುದು, ಎಂದು ಹೆಸರಿಟ್ಟರು. ಅದನ್ನು ತಯಾರಿಸುವ ಶಕ್ತಿಯನ್ನು ಗಡ್ಡೆಯ ಕೋಶಗಳಿಗೆ ಕೊಟ್ಟು ಇಲಿಗಳ ಮೆದುಳಿನಲ್ಲಿ ಬಿತ್ತಿದಾಗ ಗಡ್ಡೆಗಳು ಸೊರಗಿದವು. ಇಲಿಗಳು ಹೆಚ್ಚು ದಿನ ಬದುಕಿದವು. ನಾಳಗಳ ಕೋಶಗಳ ಮೇಲಿರುವ ಸಿಡಿ-36 ಎಂಬ ಗ್ರಾಹಕವೇ ಈ ತುಣುಕಿನ ಆಜ್ಞೆಯನ್ನು ಸ್ವೀಕರಿಸುವ ಕಿವಿಯೆಂಬುದು 2009ರ ವೇಳೆಗೆ ಗೊತ್ತಾಯಿತು.

ಮುದ್ರೆ ಬಿದ್ದ ಪುಟ

ಅಂಥ ಉಪಕಾರಿ ಪ್ರೋಟೀನು ಗಡ್ಡೆಗಳಲ್ಲಿ ಮಾಯವಾಗುವುದೇಕೆ? ವಂಶವಾಹಿಯೇ ನಾಶವಾಗಿದ್ದರೆ ಅದನ್ನು ಮರಳಿ ಪಡೆಯುವುದು ಬಲು ಕಷ್ಟ. ಆದರೆ 2011ರಲ್ಲಿ ವಾನ್ ಮೇರ್ ಅವರ ತಂಡ ತೋರಿಸಿದ ಸಂಗತಿ ಆಶಾದಾಯಕವಾದುದು. ಗ್ಲಯೋಬ್ಲಾಸ್ಟೋಮದಲ್ಲಿ ಬಿಎಐ-1 ವಂಶವಾಹಿಯ ಬರಹ ಹಾಗೆಯೇ ಇರುತ್ತದೆ. ಅದರ ಮೇಲೆ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತುಗಳು ಬಿದ್ದಿರುತ್ತವೆ. ಆ ಗುರುತುಗಳನ್ನು ಹಿಡಿದು ಎಂಬಿಡಿ-2 ಎಂಬ ಇನ್ನೊಂದು ಪ್ರೋಟೀನು ಬಂದು ಕುಳಿತು, ವಂಶವಾಹಿಯನ್ನು ಯಾರೂ ಓದದಂತೆ ಮುಚ್ಚುತ್ತದೆ. ದಸ್ತಾವೇಜು ಪೆಟ್ಟಿಗೆಯಲ್ಲಿ ಭದ್ರವಾಗಿಯೇ ಇದೆ. ಪೆಟ್ಟಿಗೆಗೆ ಅರಗಿನ ಮುದ್ರೆ ಬಿದ್ದಿದೆ. ಮುದ್ರೆಯನ್ನು ಒಡೆದರೆ ಬರಹವನ್ನು ಮತ್ತೆ ಓದಬಹುದು.

2018ರಲ್ಲಿ ಅವರು ಈ ವಿಚಾರವನ್ನು ಮಕ್ಕಳಿಗೆ ಬರುವ ಮೆಡ್ಯುಲೊಬ್ಲಾಸ್ಟೋಮ ಎಂಬ ಕ್ಯಾನ್ಸರಿಗೆ ಅನ್ವಯಿಸಿದರು. ತಲೆಯ ಹಿಂಭಾಗದ ಕಿರುಮೆದುಳಿನಲ್ಲಿ ಹುಟ್ಟುವ ಇದು ಮಕ್ಕಳ ಮೆದುಳಿನ ಮಾರಕ ಗಡ್ಡೆಗಳಲ್ಲಿ ಅತಿ ಸಾಮಾನ್ಯವಾದುದು. ಒಳ್ಳೆಯ ಚಿಕಿತ್ಸೆ ದೊರೆತ ಮಕ್ಕಳಲ್ಲಿ ಬಹುಮಂದಿ ಬದುಕುಳಿಯುತ್ತಾರೆ. ಆದರೆ ಅದಕ್ಕೆ ತೆರುವ ಬೆಲೆ ಸಣ್ಣದಲ್ಲ. ಮೆದುಳು, ಬೆನ್ನುಹುರಿಗಳಿಗೆ ಕೊಡುವ ವಿಕಿರಣವು ಎಳೆಯರ ಬೆಳವಣಿಗೆಯನ್ನೂ ಕಲಿಯುವ ಶಕ್ತಿಯನ್ನೂ ಕುಗ್ಗಿಸುವುದುಂಟು. ಗೆದ್ದು ಬಂದ ಮಗುವನ್ನು ಶಾಲೆಗೆ ಕಳುಹಿಸುವ ತಾಯಿ, ಹಿಂದೆ ಸರಾಗವಾಗಿ ಹೇಳುತ್ತಿದ್ದ ಮಗ್ಗಿಯಲ್ಲಿ ಅದು ತಡವರಿಸುವುದನ್ನು ನೋಡಬೇಕಾಗಬಹುದು. ಆದುದರಿಂದಲೇ ಇನ್ನಷ್ಟು ಮೃದುವಾದ ಚಿಕಿತ್ಸೆಗಾಗಿ ವೈದ್ಯರು ಹಂಬಲಿಸುತ್ತಿದ್ದಾರೆ.

ಮೆಡ್ಯುಲೊಬ್ಲಾಸ್ಟೋಮದಲ್ಲಿಯೂ ಬಿಎಐ-1ರ ಮೇಲೆ ಅದೇ ಮುದ್ರೆ ಕಂಡುಬಂತು. ಈ ಗಡ್ಡೆ ಬರುವ ಪ್ರವೃತ್ತಿಯುಳ್ಳ ಇಲಿಗಳಲ್ಲಿ ಬಿಎಐ-1 ವಂಶವಾಹಿಯನ್ನು ತೆಗೆದುಹಾಕಿದಾಗ ಗಡ್ಡೆಗಳು ಇನ್ನೂ ವೇಗವಾಗಿ ಬೆಳೆದವು. ಕಾರಣವನ್ನು ಹುಡುಕಿದಾಗ ಹಳೆಯ ಮಿತ್ರ ಪಿ-53 ಮತ್ತೆ ರಂಗಕ್ಕೆ ಬಂದಿತು. ಕೋಶದಲ್ಲಿ ಎಂಡಿಎಂ-2 ಎಂಬ ಪ್ರೋಟೀನೊಂದಿದೆ. ಪಿ-53ರ ಮೇಲೆ ನಾಶದ ಚೀಟಿ ಅಂಟಿಸಿ ಅದನ್ನು ಕೊಲ್ಲಿಸುವುದು ಅದರ ಕೆಲಸ. ಬಿಎಐ-1 ಇರುವಲ್ಲಿ ಎಂಡಿಎಂ-2ರ ಕೈ ಕಟ್ಟಿದಂತಾಗಿ ಪಿ-53 ಉಳಿಯುತ್ತದೆ; ಬಿಎಐ-1 ಹೋದರೆ ಪಿ-53ರ ಪ್ರಮಾಣವೂ ಕುಸಿಯುತ್ತದೆ. ಪಿ-53 ಒಡೆಯನೆಂದೂ ಬಿಎಐ-1 ಆಳೆಂದೂ ಮೊದಲು ಊಹಿಸಿದ್ದರಷ್ಟೆ. ಇಲ್ಲಿ ಆಳೇ ಒಡೆಯನ ಪ್ರಾಣವನ್ನು ಕಾಯುತ್ತಿದ್ದಾನೆ! ಅಲ್ಲದೆ, ಬಿಎಐ-1ರ ಕೆಲಸ ನಾಳಗಳನ್ನು ತಡೆಯುವುದಷ್ಟಕ್ಕೇ ಮುಗಿಯುವುದಿಲ್ಲವೆಂಬುದೂ ಇದರಿಂದ ಸಿದ್ಧವಾಯಿತು.

ಎಂಬಿಡಿ-2ರ ಮುದ್ರೆಯನ್ನು ಸಡಿಲಿಸುವ ಒಂದು ರಾಸಾಯನಿಕವನ್ನು ಆ ತಂಡ ಇಲಿಗಳಿಗೆ ಕೊಟ್ಟಿತು. ಅದು ಮೆದುಳನ್ನು ಪ್ರವೇಶಿಸಬಲ್ಲದು. ಬಿಎಐ-1 ಮತ್ತೆ ತಲೆಯೆತ್ತಿತು, ಪಿ-53 ಬಲಗೊಂಡಿತು, ಗಡ್ಡೆಯ ಬೆಳವಣಿಗೆ ಕುಂದಿತು.

ಮೆದುಳಿನ ಕೋಟೆ

ಪ್ರೋಟೀನನ್ನೇ ನೇರವಾಗಿ ಸೂಜಿಯ ಮೂಲಕ ಕೊಡಬಾರದೇಕೆ ಎಂದು ಯಾರಿಗಾದರೂ ತೋಚುವುದು ಸಹಜ. ಮೆದುಳಿನ ರಕ್ತನಾಳಗಳ ಕೋಶಗಳು ದೇಹದ ಬೇರೆಡೆಗಿಂತ ಒತ್ತಾಗಿ ಬೆಸೆದುಕೊಂಡಿರುತ್ತವೆ. ಸಕ್ಕರೆ, ಪ್ರಾಣವಾಯು ಮುಂತಾದ ಅಗತ್ಯವಸ್ತುಗಳಿಗೆ ಮಾತ್ರ ಅಲ್ಲಿ ದಾರಿ. ಪ್ರೋಟೀನಿನಂತಹ ದೊಡ್ಡ ವಸ್ತುಗಳಿಗೆ ಪ್ರವೇಶ ದುರ್ಲಭ. ವಿಷವನ್ನು ಹೊರಗಿಡುವ ಈ ಕೋಟೆ ಅಮೃತವನ್ನೂ ಹೊರಗಿಡುತ್ತದೆ.

ಇದಕ್ಕೊಂದು ಉಪಾಯವನ್ನು ಬಲ್ವೀನ್ ಕೌರ್ ಅವರು ಓಹಾಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿದರು. ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸನ್ನು ಪಳಗಿಸಿ, ಆರೋಗ್ಯವಂತ ಕೋಶಗಳನ್ನು ಬಿಟ್ಟು ಕ್ಯಾನ್ಸರ್ ಕೋಶಗಳಲ್ಲಿ ಮಾತ್ರ ವೃದ್ಧಿಯಾಗಿ ಅವುಗಳನ್ನು ಒಡೆಯುವಂತೆ ಮಾಡಬಹುದು. ಅಂಥ ವೈರಸ್ಸಿಗೆ ವ್ಯಾಸ್ಕ್ಯುಲೋಸ್ಟ್ಯಾಟಿನ್ ತಯಾರಿಸುವ ವಂಶವಾಹಿಯನ್ನೂ ಅವರು ಜೋಡಿಸಿದರು. ಅದನ್ನು ಗಡ್ಡೆಯೊಳಗೇ ಚುಚ್ಚಿದರೆ ಕೋಟೆಯ ಬಾಗಿಲನ್ನು ತಟ್ಟುವ ಪ್ರಮೇಯವೇ ಇಲ್ಲ. ವೈರಸ್ಸು ಒಂದು ಕಡೆಯಿಂದ ಕೋಶಗಳನ್ನು ಒಡೆಯುತ್ತದೆ. ಪ್ರೋಟೀನು ಇನ್ನೊಂದು ಕಡೆಯಿಂದ ರಕ್ತದ ಸರಬರಾಜನ್ನು ಕಡಿಯುತ್ತದೆ. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬರಿಯ ವೈರಸ್ ಪಡೆದ ಇಲಿಗಳಿಗಿಂತ ಈ ಜೋಡಿ ಅಸ್ತ್ರವನ್ನು ಪಡೆದ ಇಲಿಗಳು ಹೆಚ್ಚು ಕಾಲ ಬದುಕಿದವು.

ವೈರಸ್ಸಿನಿಂದ ಮೆದುಳಿನ ಚಿಕಿತ್ಸೆ ಎಂಬುದು ಈಗ ಕೇವಲ ಕಲ್ಪನೆಯಾಗಿ ಉಳಿದಿಲ್ಲ. ಟೋಕಿಯೋ ವಿಶ್ವವಿದ್ಯಾಲಯದ ತೊಮೊಕಿ ತೊಡೊ ಅವರು ಪಳಗಿಸಿದ ಹರ್ಪಿಸ್ ವೈರಸ್ಸೊಂದಕ್ಕೆ ಜಪಾನ್ ಸರಕಾರ 2021ರಲ್ಲಿ ಷರತ್ತಿನ ಮೇಲೆ ಅನುಮತಿ ನೀಡಿತು. ಅದರಲ್ಲಿ ವ್ಯಾಸ್ಕ್ಯುಲೋಸ್ಟ್ಯಾಟಿನ್ ಇಲ್ಲ. ಆದರೆ ವಾಹನ ಸಾಗಬಲ್ಲದೆಂದು ತಿಳಿದ ಮೇಲೆ ಅದರಲ್ಲಿ ಯಾವ ಸರಕನ್ನು ಏರಿಸಬೇಕೆಂಬ ಆಲೋಚನೆಗೆ ಬೆಲೆ ಬಂದಿದೆ.

ಹಳೆಯ ಪಾಠಗಳು

ಇಲ್ಲಿ ತುಸು ನಿಂತು ಹಿಂದಿರುಗಿ ನೋಡುವುದು ಒಳ್ಳೆಯದು. 1998ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಪ್ರಮುಖ ಪತ್ರಿಕೆಯೊಂದು ಫೋಕ್‌ಮನ್ನನ ಪ್ರಯೋಗಶಾಲೆಯಲ್ಲಿ ದೊರೆತ ಎಂಡೋಸ್ಟ್ಯಾಟಿನ್, ಆಂಜಿಯೋಸ್ಟ್ಯಾಟಿನ್ ಎಂಬ ಎರಡು ಪ್ರೋಟೀನುಗಳ ವಿಷಯವನ್ನು ಮುಖಪುಟದಲ್ಲಿ ಅಚ್ಚು ಮಾಡಿತು. ಇಲಿಗಳ ಗಡ್ಡೆಗಳನ್ನು ಅವು ಕರಗಿಸಿದ್ದವು. ಔಷಧ ತಯಾರಿಸುತ್ತಿದ್ದ ಕಂಪೆನಿಯ ಷೇರಿನ ಬೆಲೆ ಒಂದೇ ದಿನದಲ್ಲಿ ಹಲವು ಪಟ್ಟು ಏರಿತು. ರೋಗಿಗಳೂ ಅವರ ಬಂಧುಗಳೂ ಔಷಧಕ್ಕಾಗಿ ಮೊರೆಯಿಟ್ಟರು. ಇಲಿಗೆ ಕ್ಯಾನ್ಸರ್ ಬಂದರೆ ಚೆನ್ನಾಗಿ ನೋಡಿಕೊಳ್ಳಬಲ್ಲೆವು ಎಂದು ಫೋಕ್‌ಮನ್ ಹೇಳುತ್ತಿದ್ದನು. ಆ ಹಾಸ್ಯದಲ್ಲಿ ಅಡಗಿದ್ದ ಎಚ್ಚರಿಕೆ ಜನರ ಕಿವಿಗೆ ಬೀಳಲಿಲ್ಲ. ಮನುಷ್ಯರ ಮೇಲೆ ಪರೀಕ್ಷಿಸಿದಾಗ ಇಲಿಗಳಲ್ಲಿ ಕಂಡ ಪವಾಡ ನಡೆಯಲಿಲ್ಲ.

ಹಾಗೆಂದು ಫೋಕ್‌ಮನ್ನನ ಮೂಲ ವಿಚಾರ ಸುಳ್ಳಾಗಲಿಲ್ಲ. ನಾಳಗಳನ್ನು ಕರೆಯುವ ಸಂದೇಶವನ್ನು ತಡೆಯುವ ಬೆವಸಿಜುಮಾಬ್ ಎಂಬ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗಾಗಿಯೂ 2009ರಲ್ಲಿ ಮರುಕಳಿಸಿದ ಗ್ಲಯೋಬ್ಲಾಸ್ಟೋಮಕ್ಕಾಗಿಯೂ ಮಂಜೂರಾತಿ ದೊರೆಯಿತು. ಆದರೆ 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳು ತಣ್ಣೀರೆರಚಿದವು. ಹೊಸದಾಗಿ ಗ್ಲಯೋಬ್ಲಾಸ್ಟೋಮ ಬಂದವರಿಗೆ ಇದನ್ನು ಕೊಟ್ಟಾಗ ಗಡ್ಡೆ ಮತ್ತೆ ಬೆಳೆಯುವುದು ಕೆಲಕಾಲ ತಡವಾಯಿತೇ ವಿನಾ ರೋಗಿಗಳ ಆಯುಷ್ಯ ಹೆಚ್ಚಲಿಲ್ಲ. ಒಂದು ಕಾಲುವೆಯನ್ನು ಮುಚ್ಚಿದರೆ ಗಡ್ಡೆ ಬೇರೊಂದು ದಾರಿಯನ್ನು ಹುಡುಕುತ್ತದೆ. ಅದಕ್ಕಾಗಿಯೇ ನಾಳಗಳನ್ನು ತಡೆಯುವುದರ ಜೊತೆಗೆ ಪಿ-53ನ್ನೂ ಕಾಪಾಡುವ ಬಿಎಐ-1ರಂಥ ವಸ್ತುವಿನ ಮೇಲೆ ಸಂಶೋಧಕರಿಗೆ ಹೆಚ್ಚಿನ ಭರವಸೆ.

ಈ ಪ್ರೋಟೀನಿಗೆ ಮೆದುಳಿನಲ್ಲಿ ಬೇರೆ ಉದ್ಯೋಗಗಳೂ ಇವೆ. ಸತ್ತ ಕೋಶಗಳನ್ನು ಗುರುತಿಸಿ ನುಂಗಲು ಅದು ಸಹಾಯ ಮಾಡುತ್ತದೆಂದು ಕೋಡಿ ರವಿಚಂದ್ರನ್ ಅವರ ತಂಡ 2007ರಲ್ಲಿ ತೋರಿಸಿತು. ಬಿಎಐ-1 ಇಲ್ಲದ ಇಲಿಗಳು ಸ್ಥಳದ ಗುರುತನ್ನು ಕಲಿಯುವುದರಲ್ಲಿಯೂ ನೆನಪಿಡುವುದರಲ್ಲಿಯೂ ತೀರ ಹಿಂದೆ ಬಿದ್ದುದು 2015ರಲ್ಲಿ ವರದಿಯಾಯಿತು. ನರಕೋಶಗಳು ಒಂದನ್ನೊಂದು ಸಂಧಿಸುವಲ್ಲಿ ಅದಕ್ಕೊಂದು ಸ್ಥಾನವುಂಟು. ಇಷ್ಟು ಮನೆಗಳ ಕೆಲಸ ಹೊತ್ತ ಆಳನ್ನು ಒಂದೇ ಮನೆಯ ಚಾಕರಿಗೆ ಕರೆಯುವಾಗ ಮಿಕ್ಕ ಮನೆಗಳ ಗತಿಯನ್ನೂ ಯೋಚಿಸಬೇಕಾಗುತ್ತದೆ.

ನಮ್ಮ ನಾಡಿನಲ್ಲಿಯೂ ಗ್ಲಯೋಬ್ಲಾಸ್ಟೋಮದ ಒಳಗುಟ್ಟನ್ನು ಅರಿಯುವ ಸಾಧನೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕುಮಾರವೇಲ್ ಸೋಮಸುಂದರಂ, ನಿಮ್ಹಾನ್ಸಿನಲ್ಲಿ ವಾಣಿ ಸಂತೋಷ್ ಮೊದಲಾದವರು ಕೂಡಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳ ವಂಶವಾಹಿಗಳನ್ನು ಅಭ್ಯಸಿಸಿ, ಯಾವ ಗಡ್ಡೆ ಹೇಗೆ ವರ್ತಿಸುವುದೆಂಬುದರ ಲಕ್ಷಣಗಳನ್ನು ಗುರುತಿಸುತ್ತ ಬಂದಿದ್ದಾರೆ. ಪ್ರತಿ ಗಡ್ಡೆಯ ಜಾತಕವನ್ನೂ ಬೇರೆಬೇರೆಯಾಗಿ ಓದಲು ಕಲಿತಂತೆಲ್ಲ, ಯಾರಲ್ಲಿ ಯಾವ ಮುದ್ರೆಯನ್ನು ಒಡೆಯಬೇಕೆಂಬ ನಿರ್ಧಾರ ಸುಲಭವಾದೀತು.

ಬಿಎಐ-1ನ್ನು ಕುರಿತು ಇಲ್ಲಿ ಹೇಳಿದ ಗೆಲವುಗಳೆಲ್ಲ ಕೋಶಗಳಲ್ಲಿ, ಇಲಿಗಳಲ್ಲಿ ದೊರೆತವು. ಇಲಿಯಿಂದ ಮನುಷ್ಯನವರೆಗಿನ ಹಾದಿ ಎಷ್ಟು ದೀರ್ಘವೆಂಬುದಕ್ಕೆ ಫೋಕ್‌ಮನ್ನನ ಚರಿತ್ರೆಯೇ ಸಾಕ್ಷಿ. ನೌಕಾಪಡೆಯ ಗಾಜಿನ ಪಾತ್ರೆಯಲ್ಲಿ ಎಳ್ಳಿನ ಕಾಳಿನಷ್ಟು ಗಡ್ಡೆಯನ್ನು ಅವನು ನೋಡಿದ ಮೇಲೆ, ಆ ದರ್ಶನದಿಂದ ಹೊಮ್ಮಿದ ಔಷಧಕ್ಕೆ 2004ರಲ್ಲಿ ಮಂಜೂರಾತಿ ಸಿಗುವುದಕ್ಕೆ ನಾಲ್ಕು ದಶಕಗಳೇ ಹಿಡಿದವು. ಅದನ್ನು ಕಣ್ಣಾರೆ ಕಂಡು ಅವನು 2008ರ ಜನವರಿಯಲ್ಲಿ ತೀರಿಕೊಂಡನು. ಇಂದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಕಾಯುತ್ತಿರುವವರಿಗೆ ನಾಲ್ಕು ದಶಕಗಳ ಲೆಕ್ಕ ಸಮಾಧಾನ ಕೊಡಲಾರದು. ಆದರೆ ಗಡ್ಡೆಯೊಳಗಿನ ಕಾವಲುಗಾರ ಸತ್ತಿಲ್ಲ, ಬಾಯಿ ಕಟ್ಟಿಸಿಕೊಂಡು ಕುಳಿತಿದ್ದಾನೆ ಎಂಬ ಅರಿವು ದೊರೆತಿದೆ. ಅವನ ಕಟ್ಟು ಬಿಚ್ಚುವ ಕೈಗಳು ಪ್ರಯೋಗಶಾಲೆಗಳಲ್ಲಿ ಕೆಲಸದಲ್ಲಿವೆ.